ಹೆಸರು ಹಿಡಿದು ಕರೆಯೋ ಹೊಳೆಯ ತೂಗುಸಂಕ

ಹೊದ್ಕೊ ಮಗಾ, ಕಾಲು ಒಳಗೆ ಎಳ್ಕೊ. ನನ್ನಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲಿದ್ದ ಕಾಲದಲ್ಲಿ, ನಮ್ಮ ಕಡಲ ಕರೇಲಿ ಮಂಕಾಳು ಅಂತ ತೆಂಗಿನ ನಾರಿನ ಹಗ್ಗ ಹೊಸೆಯೋನೊಬ್ಬ ಇದ್ನಂತೆ. ನೀರಲ್ಲಿ ಕಂಬ ಊರದೆ ಹಗ್ಗದ ಮೇಲೆ ಸೇತುವೆ ತೂಗಿಸೋ ಹುಚ್ಚು ಅವನಿಗೆ, ತೂಗುಸಂಕ ಅಂತಾರಲ್ಲ, ಅದು. ಇಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಅವ್ವನ ಕಾಲು ಮುಟ್ಟಿ, ಹಡಗು ಹತ್ತಿ, ಕಡಲಾಚೆಯ ಚಳಿದೇಶಕ್ಕೆ ಹೋದ್ನಂತೆ.

ಅಲ್ಲೊಂದು ಹೊಳೆ. ಎರಡು ದಡಕ್ಕೂ ಊರು, ನಡುವೆ ಪಾತಾಳದಂಥ ಕಮರಿ. ಮಂಜು ಏಳೋ ಹೊತ್ತಿಗೆ ಆ ಹೊಳೆ ಜನರನ್ನ ಹೆಸರು ಹಿಡಿದು ಕರೀತಿತ್ತಂತೆ, ಅದೂ ಅವರವರ ಮನೆಯ ಸತ್ತೋರ ದನೀಲಿ. ಓ ಅಂದೋರು ದನಿ ಹಿಂದೆಯೇ ನೀರಿಗೆ ನಡೆದುಬಿಡ್ತಿದ್ರಂತೆ. ಅಂಬಿಗರೆಲ್ಲ ಹಾಗೇ ಹೋದ್ರು. ಸೂಲಗಿತ್ತಿ ಈ ದಡದಲ್ಲಿ, ಆಚೆ ದಡದ ಬಸುರಿಯರು ನೋವು ತಿಂದು ಸಾಯೋರು.

ಸತ್ತೋರು ಹೊಳೇಲೇ ಇದ್ರಾ ಅಂತೀಯಾ? ಯಾರು ಕಂಡೋರು ಮಗಾ. ದನಿ ಮಾತ್ರ ಅವರದೇ.

ನೀರು ಮುಟ್ಟದೆ ದಾಟಿಸ್ತೀನಿ ಅಂದ ಮಂಕಾಳು. ಗಾಳಿಪಟ ಹಾರಿಸಿ ಆಚೆ ದಡಕ್ಕೆ ದಾರ ಕಳಿಸ್ದ, ದಾರಕ್ಕೆ ಹುರಿ ಕಟ್ಟಿ, ಹುರಿಗೆ ಹಗ್ಗ ಕಟ್ಟಿ ಎಳೆಸ್ದ. ಮೊದಲನೇ ಸಂಕ ನಾರಿನದು, ಮಂಜು ಕುಡಿದು ಕುಡಿದು ಕೊಳೆತು ಹರೀತು. ಆಮೇಲೆ ಎರಡನೇದು, ಕಬ್ಬಿಣದ ಸರಪಳೀದು. ಅದರ ಮೇಲೆ ಕೆಲಸಕ್ಕಿದ್ದೋರನ್ನ ಹೊಳೆ ಒಬ್ಬೊಬ್ಬರನ್ನೇ ಕರೀತು. ಅವರು ಓ ಅಂದು, ನಗ್ತಾ ನಗ್ತಾ ಕೆಳಗೆ ಹೋದ್ರಂತೆ. ಸರಪಳಿ ಅರ್ಧಕ್ಕೇ ಜೋತುಬಿತ್ತು. ಆಮೇಲೆ ಒಬ್ರೂ ಕೆಲಸಕ್ಕೆ ಬರಲಿಲ್ಲ.

ಮೂರನೇದನ್ನ ಅವನೊಬ್ನೇ ಹಿಡಿದ. ಕಬ್ಬಿಣದ ಸಣ್ಣ ತಂತಿಗಳನ್ನ ನಾರು ಹೊಸೆದಂಗೇ ಹೊಸೆದು ಹಗ್ಗ ಮಾಡ್ದ. ಅವನ ಹೆಸರು ಅಲ್ಲಿಯೋರ ನಾಲಿಗೆಗೆ ಹೊರಳದೆ ಎಲ್ಲರೂ ಪರದೇಸಿ ಅಂತಲೇ ಕರೀತಿದ್ರಂತೆ, ಹೊಳೆಗೂ ಅಷ್ಟೇ ಗೊತ್ತು. ಪರದೇಸೀ ಅಂತ ಅದು ಸತ್ತ ಕೆಲಸದೋರ ದನೀಲಿ ಕೂಗೋದು, ಅದೇನು ಅವ್ವ ಇಟ್ಟ ಹೆಸರಾ, ಇವನು ತಿರುಗೀನೂ ನೋಡ್ತಿರಲಿಲ್ಲ. ದಿನಾ ರೊಟ್ಟಿ ತಂದುಕೊಡೋಳು ಮಾರ್ತಾ ಅಂತ, ಗಂಡ ಅಂಬಿಗ, ಹೊಳೆ ಪಾಲಾಗಿದ್ದ. ಅವಳಿಗೆ ಇವನ ಭಾಷೆ ಬಾರದು, ಇವನಿಗೆ ಅವಳದು ಅರೆಬರೆ. ಅದಕ್ಕೇ ಸಂಕದ ತುದೀಲಿ ಕೂತು ತನ್ನಷ್ಟಕ್ಕೇ ಗುನುಗೋನು, ಅವ್ವಾ, ನಿನ್ನ ಮಂಕಾಳು ಬದುಕಿದ್ದಾನೆ ಕಣೇ, ಇವತ್ತೂ ಗಂಜಿ ಸಿಗಲಿಲ್ಲ ಕಣೇ ಅಂತ. ಕೆಳಗೆ ಹೊಳೆ ಸದ್ದಿಲ್ಲದೆ ನಿಂತು ಕೇಳ್ತಿತ್ತು.

ಇನ್ನೊಂದೇ ಹಲಗೆ ಬಾಕಿ ಇದ್ದ ಬೆಳಗ್ಗೆ, ಮಂಜಿನೊಳಗಿಂದ ಕೂಗು. ಮಂಕಾಳೂ, ಗಂಜಿ ಆರ್ತದೆ, ಬಾರೋ ಮಗನೇ!

ಅವ್ವನ ದನಿ. ಸತ್ತೋರ ದನೀಲಲ್ಲದೆ ಹೊಳೆ ಕರೆಯೋದಿಲ್ಲ. ಅವ್ವ ಹೋದ್ಲು ಅಂತ ಅವನಿಗೆ ತಿಳಿದದ್ದೇ ಆಗಂತೆ ಮಗಾ, ನಡುಹೊಳೆ ಮೇಲೆ, ಒಬ್ಬನೇ ನಿಂತಾಗ. ಕಣ್ಣು ತುಂಬ್ತು, ಓ ಅನ್ನೋಕೆ ಬಾಯಿ ತೆರೆದ.

ರೊಟ್ಟಿ ಹಿಡಿದು ಸಂಕದ ಮೇಲೆ ಬರ್ತಿದ್ದ ಮಾರ್ತಾಗೆ ಆ ಮಾತು ತಿಳೀಲಿಲ್ಲ, ಬಾಯಿ ತೆರೆದದ್ದು ಕಾಣ್ತು. ತೂಗೋ ಸಂಕದ ಮೇಲೆ ಓಡಿಬಂದು ಅವನ ಬಾಯಿಗೆ ಅಂಗೈ ಒತ್ತಿದ್ಲು. ತಕ್ಷಣ ಹೊಳೆ ಅವಳ ಗಂಡನ ದನಿ ತೆಗೀತು, ಮಾರ್ತಾ, ಚಳಿ ಕಣೇ, ಕಂಬಳಿ ತಾರೇ. ಅವಳೂ ಓ ಅನ್ನೋಕೆ ಬಾಯಿ ತೆರೆದ್ಲು. ಇವನು ಅವಳ ಬಾಯಿ ಮುಚ್ಚಿದ. ಒಬ್ಬರ ಬಾಯಿಗೆ ಒಬ್ಬರ ಕೈ, ಮಂಜು ಕರಗೋವರೆಗೂ ಹಂಗೇ ನಿಂತ್ರಂತೆ.

ಆಮೇಲೆ ಹಲಗೆ ಕೂರಿಸಿ, ತಂತಿಹಗ್ಗದ ತುಂಡೊಂದನ್ನ ಸೊಂಟಕ್ಕೆ ಬಿಗಿದು ಸಂಕಕ್ಕೆ ಕಟ್ಕೊಂಡ ಮಂಕಾಳು. ಬೇಡ ಅಂತ ಮಾರ್ತಾ ಕೈ ಹಿಡಿದ್ಲು. ಕರೆದೋಳು ಅವ್ವ, ಓಗೊಡದೆ ಹೆಂಗಿರಲಿ ಅಂದ್ನಂತೆ. ಎಳ್ಳು ಎಲ್ಲಿ ಸಿಗಬೇಕು ಅಲ್ಲಿ, ಬರೀ ಬೊಗಸೆ ನೀರು ಬಿಟ್ಟು, ಗಟ್ಟಿಯಾಗಿ ಓ ಅವ್ವಾ ಅಂದ. ಹೊಳೆ ಎಳೀತು ನೋಡು! ಕಾಲು ಹಲಗೆ ಬಿಡ್ತು, ತಂತಿಯೆಲ್ಲ ಜೇನುಹುಳದ ಹಂಗೆ ಗುಂಯ್‌ಗುಟ್ತು, ಸಂಕಕ್ಕೆ ಸಂಕವೇ ಹೊಯ್ದಾಡ್ತು. ಹಗ್ಗ ಮಾತ್ರ ಹರೀಲಿಲ್ಲ. ಕೆಳಗಿಂದ ಒಂದು ನಿಟ್ಟುಸಿರು ಬಂತಂತೆ, ಅಷ್ಟೇ, ಮತ್ತೆ ಅವ್ವನ ದನಿ ಇಲ್ಲ.

ಮಾರನೇ ದಿನ ಮಾರ್ತಾನೂ ಹಗ್ಗ ಬಿಗಿದುಕೊಂಡು ಗಂಡನಿಗೆ ಓ ಅಂದ್ಲು. ಆಮೇಲೆ ಊರೋರೆಲ್ಲ ಬಂದು ತಮ್ಮ ತಮ್ಮ ಸತ್ತೋರಿಗೆ ಓಗೊಟ್ರಂತೆ. ಕರೆಯೋರು ಮುಗಿದ ಮೇಲೆ ಹೊಳೆ ಬರೀ ಹೊಳೆ ಆಯ್ತು. ಸೂಲಗಿತ್ತಿ ಸಂಕ ದಾಟಿದ್ಲು, ಆಚೆ ದಡದಲ್ಲಿ ಕೂಸು ಅತ್ತಿತು. ಮಂಕಾಳು ಮಾರ್ತಾಳನ್ನ ಮದುವೆಯಾಗಿ, ಆ ದೇಶದ ಹೊಳೆಹೊಳೆಗೂ ಸಂಕ ತೂಗಿಸಿ, ಹಣ್ಣು ಹಣ್ಣು ಮುದುಕನಾಗೋವರೆಗೂ ಬಾಳಿದ್ನಂತೆ.

ಕತೆ ದಡ ಸೇರ್ತು, ನಿದ್ದೆ ನಿನ್ನ ಕಣ್ಣು ಸೇರಲಿ.