ಚುಕ್ಕಿಗೆ ಜೊತೆಯಾದ ಕೊಕ್ಕರೆ

ಭದ್ರಮ್ಮ ಎಂಬ ಮುದಿ ಆನೆ ಚುಕ್ಕಿ ಎಂಬ ನಾಯಿಯನ್ನು ಸಾಕಿಕೊಂಡಿದ್ದಳು. ನೆರೆನೀರಿನಲ್ಲಿ ಕೊಚ್ಚಿಹೋಗಿ ಬದುಕಿ ಬಂದ ಮೇಲೆ ಚುಕ್ಕಿ ಬೇಲಿ ಬಾಗಿಲು ದಾಟುವುದನ್ನೇ ಬಿಟ್ಟಿತ್ತು. ಅದರ ಕಾಲುಗಳು ದಿನೇ ದಿನೇ ಸೊರಗತೊಡಗಿದವು. ಭದ್ರಮ್ಮನಿಗೋ ಮಂಡಿನೋವು. ಹಾಗಾಗಿ ನಾಯಿಯನ್ನು ತಿರುಗಾಡಿಸುವವರು ಬೇಕೆಂದು ಹೇಳಿ ಕಳಿಸಿದಳು.

ಮೊದಲು ಕುದುರೆ ಬಂದಿತು.

"ನಾನು ಕಾಣದ ದಾರಿಯಿಲ್ಲ. ನೋಡುತ್ತಿರಿ, ಇದನ್ನು ಓಡಿಸಿಯೇ ಬಿಡುತ್ತೇನೆ," ಎಂದು ಚುಕ್ಕಿಯ ಕೊರಳಿನ ಹಗ್ಗ ಜಗ್ಗಿತು.

ಚುಕ್ಕಿ ನೆಲಕ್ಕೆ ಅಂಟಿಕೊಂಡು ನಡುಗಿತು. ಭದ್ರಮ್ಮ ಕುದುರೆಯನ್ನು ಕಳಿಸಿಬಿಟ್ಟಳು.

ಆಮೇಲೆ ಬಂದ ಕೊಕ್ಕರೆ ಹಗ್ಗವನ್ನು ಕಾಲಿಗೆ ಸಡಿಲವಾಗಿ ಸುತ್ತಿಕೊಂಡು ಬೇಲಿಯಾಚೆ ಸುಮ್ಮನೆ ನಿಂತಿತು. ಬಿಸಿಲೇರಿತು. ಓಣಿಯಲ್ಲಿ ನಿಂತು ನೋಡುತ್ತಿದ್ದ ಭದ್ರಮ್ಮನಿಗೆ ತಡೆಯಲಾಗಲಿಲ್ಲ.

"ನೀನು ಹೊರಡುವುದು ಯಾವಾಗ?"

"ಅದು ಹೊರಟಾಗ," ಎಂದಿತು ಕೊಕ್ಕರೆ.

ಹೊತ್ತು ಇಳಿಯುವಾಗ ಚುಕ್ಕಿ ಎದ್ದು ಮೂಗು ಚಾಚಿತು. ಒಂದು ಪಾದವನ್ನು ಬಾಗಿಲಾಚೆ ಇಟ್ಟಿತು. ಕೊಕ್ಕರೆಯೂ ಒಂದೇ ಹೆಜ್ಜೆ ಮುಂದಿಟ್ಟು ಮತ್ತೆ ನಿಂತಿತು. ಚುಕ್ಕಿ ಇನ್ನೊಂದು ಪಾದ ಎತ್ತಿತು.

ಹುಲಿಗೂ ದಾರಿ ಬಿಡದ ಭದ್ರಮ್ಮ, ಕಿವಿ ಬೀಸುವುದನ್ನೂ ನಿಲ್ಲಿಸಿ, ಮೆಲ್ಲಗೆ ಹಿಂದೆ ಸರಿದು ಅವೆರಡಕ್ಕೂ ದಾರಿ ಬಿಟ್ಟಳು.