ಪೈಸೆ ಮುಟ್ಟದ ಗುರು

"ಹದಿನಾಲ್ಕು ವರ್ಷ ಒಂದು ಪೈಸೆ ಮುಟ್ಟದೆ ಕಲಿಸಿದವರು ಈಗ ಫೀಸು ಕೇಳುತ್ತೀರಲ್ಲ ಮೇಷ್ಟ್ರೇ, ಏನಾಗಿದೆ ನಿಮಗೆ?"

ಕೇಳಿದವಳು ಉಜ್ವಲಾ. ಕೇಳಿಸಿಕೊಂಡವರು ಓಬಳೇಶಪ್ಪ ಮೇಷ್ಟ್ರು. ಕಲ್ಲುಗುಡ್ಡದ ಮೇಲೆ ಸೈಕಲ್ ಹತ್ತಿಸಿ ಇಳಿಸುವುದನ್ನು ಆ ಊರಿನಲ್ಲಿ ಕಲಿಸುವವರು ಅವರೊಬ್ಬರೇ. ಬೆಳಿಗ್ಗೆ ಗುಡ್ಡದಲ್ಲಿ ಪಾಠ. ಹತ್ತು ಗಂಟೆಯ ಮೇಲೆ ಗುಡ್ಡದ ಬುಡದಲ್ಲಿ ಅವರದೇ ಸೈಕಲ್ ಅಂಗಡಿ.

ಉಜ್ವಲಾಳ ಮೊಣಕೈಗೆ ಬ್ಯಾಂಡೇಜು ಸುತ್ತಿತ್ತು. ಗೋಣಿಬಂಡೆ ಇಳಿಯುವಾಗ ಮೂರನೆಯ ಸಲ ಬಿದ್ದಿದ್ದಳು. ಮುಂದಿನ ಭಾನುವಾರ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಆಯ್ಕೆಯ ಹಾದಿ ಆ ಬಂಡೆಯ ಮೇಲೆಯೇ ಇಳಿಯುತ್ತಿತ್ತು. ಸೈಕಲ್ಲಿಗೆ ಹೊಸ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದು ಏಟು ನುಂಗುವ ಸ್ಪ್ರಿಂಗಿನ ಕವಲು, ಹಾಕಿಸಿದರೆ ಬೀಳುವುದಿಲ್ಲ ಎಂದು ತೀರ್ಮಾನಿಸಿ ಬಂದಿದ್ದಳು. ಮೇಷ್ಟ್ರು, ಫೋರ್ಕ್ ಮಾರುವುದಿಲ್ಲ, ಇನ್ನು ಯಾವ ಬಿಡಿಭಾಗವನ್ನೂ ಮಾರುವುದಿಲ್ಲ, ನಾಳೆಯಿಂದ ಪಾಠಕ್ಕೆ ಫೀಸು ಎಂದಿದ್ದರು. ಫೋರ್ಕ್ ಅವರ ಬೆನ್ನ ಹಿಂದೆ ಗೋಡೆಯಲ್ಲೇ ತೂಗುತ್ತಿತ್ತು.

"ನನ್ನ ಫೋರ್ಕ್ ನಿಜವಾಗಿಯೂ ಹಳೆಯದು" ಎಂದಳು ಉಜ್ವಲಾ. "ಒತ್ತಿದರೆ ಅರ್ಧಕ್ಕೇ ನಿಲ್ಲುತ್ತೆ. ಬೇಕಾದರೆ ನೋಡಿ. ಇನ್ನು ನಾಲ್ಕು ದಿನ ಇದೆ ಅಷ್ಟೆ. ಇಂಥ ಹೊತ್ತಿನಲ್ಲಿ ನಿಮಗೆ ಫೀಸು ನೆನಪಾಯಿತೇ?"

"ಕೂತ್ಕೊ" ಎಂದರು ಮೇಷ್ಟ್ರು. "ನಿಂತು ಬೈದರೆ ಬೇಗ ಸುಸ್ತಾಗುತ್ತೆ."

ಅವಳು ಕೂರಲಿಲ್ಲ. ಮೇಷ್ಟ್ರು ಹೇಳತೊಡಗಿದರು.

ಒಬ್ಬ ಅಕ್ಕಸಾಲಿ ಇದ್ದ. ಮೂಗುತಿಗೆ ಹರಳು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರು ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ದಿನಕ್ಕೆ ಹತ್ತು ಗಂಟೆ ತಲೆ ತಗ್ಗಿಸಿ, ಒಂದು ಗೇಣು ದೂರದಲ್ಲಿರುವ ಸಾಸಿವೆಯಷ್ಟು ವಸ್ತುವನ್ನು ಕಣ್ಣು ಕದಲಿಸದೆ ನೋಡುವುದು ಅವನ ಕಸುಬು. ನಲವತ್ತಕ್ಕೆ ಬೆನ್ನು ಹಿಡಿದುಕೊಂಡಿತು. ಮೈ ಅಲ್ಲಾಡಿಸು ಎಂದು ವೈದ್ಯರು ಹೇಳಿದರು. ಅವನು ಸೈಕಲ್ ಕೊಂಡು ಗುಡ್ಡಕ್ಕೆ ಬಂದ. ಒಂದು ತಿಂಗಳಲ್ಲಿ ಬೆನ್ನು ನೋವು ಹೋಯಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನಿಗೆ ಬಂಡೆ ಇಳಿಯುವ ಆಸೆ ಹುಟ್ಟಿತು.

ಗುಡ್ಡದಲ್ಲಿ ಒಬ್ಬ ಗುರು ಇದ್ದ. ವಿದ್ಯೆಯನ್ನು ಮಾರಬಾರದು ಎಂದು ಅವನಿಗೆ ಅವನ ಅಪ್ಪ ಹೇಳಿಕೊಟ್ಟಿದ್ದ. ಅಪ್ಪನಿಗೆ ನೀರಾವರಿ ಜಮೀನಿತ್ತು. ಏನನ್ನೂ ಮಾರದೆ ಬದುಕಬಹುದಾಗಿತ್ತು. ಗುರುವಿಗೆ ಜಮೀನು ಉಳಿದಿರಲಿಲ್ಲ, ಅಪ್ಪನ ಮಾತು ಮಾತ್ರ ಉಳಿದಿತ್ತು. ಆದ್ದರಿಂದ ಅವನು ವಿದ್ಯೆಯನ್ನು ಬಿಟ್ಟಿ ಕೊಟ್ಟ, ಬಿಡಿಭಾಗಗಳನ್ನು ಮಾರಿದ. ಊರು ಹೊಗಳಿತು. ವರ್ಷಕ್ಕೊಂದು ಸಂಘದವರು ಕರೆದು ಸನ್ಮಾನ ಮಾಡಿದರು. ಶಾಲುಗಳು ಬಂದವು. ಶಾಲನ್ನು ಬೇಯಿಸಿ ತಿನ್ನಲು ಬರುವುದಿಲ್ಲ. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಬ್ರೇಕು, ಟಯರು, ಪೆಡಲುಗಳಿಂದ.

ಚೆನ್ನಾಗಿ ಕಲಿತವನು ಬೀಳುವುದಿಲ್ಲ. ಬೀಳದವನ ಸೈಕಲ್ ಮುರಿಯುವುದಿಲ್ಲ. ಮುರಿಯದ ಸೈಕಲ್ಲಿನ ಯಜಮಾನ ಅಂಗಡಿಗೆ ಬರುವುದಿಲ್ಲ. ಇದನ್ನು ಗುರು ಯಾವತ್ತೂ ಕೂತು ಯೋಚಿಸಿರಲಿಲ್ಲ. ಅವನ ಹೊಟ್ಟೆ ಯೋಚಿಸಿತ್ತು.

ಅವನು ಕಲಿಸದೆ ಇರಲಿಲ್ಲ. ಇಳಿಜಾರಿನಲ್ಲಿ ಸೀಟಿನಿಂದ ಏಳಬೇಕು, ಸೊಂಟ ಹಿಂದೆ ಸರಿಸಬೇಕು, ಮೊಣಕೈ ಬಗ್ಗಿಸಿರಬೇಕು, ಮುಂದಿನ ಬ್ರೇಕನ್ನು ಒಂದೇ ಬೆರಳಿನಲ್ಲಿ ಹಗುರವಾಗಿ ಹಿಡಿಯಬೇಕು. ಎಲ್ಲವನ್ನೂ ಅಕ್ಕಸಾಲಿಯಿಂದ ಮಾಡಿಸಿದ. ಕಣ್ಣು ಎಲ್ಲಿರಬೇಕು ಎಂಬುದನ್ನೂ ಮೊದಲ ದಿನ ಹೇಳಿದ್ದ. ಒಮ್ಮೆ ಹೇಳಿದ್ದ. ಇಪ್ಪತ್ತೈದು ವರ್ಷ ಸಾಸಿವೆ ನೋಡಿದ ಕಣ್ಣಿಗೆ ಒಮ್ಮೆ ಹೇಳಿದರೆ ಸಾಲದು.

ಬಂಡೆಯ ಕೆಳಗೆ ಒಂದು ಕಲ್ಲಿತ್ತು. ತೆಂಗಿನಕಾಯಿಯಷ್ಟು ದಪ್ಪ, ನೆಲಕ್ಕೆ ಕಚ್ಚಿಕೊಂಡದ್ದು. ಅದರ ಎಡಕ್ಕೆ ಎತ್ತಿನ ಗಾಡಿ ಹೋಗುವಷ್ಟು ಜಾಗವಿತ್ತು.

ಅಕ್ಕಸಾಲಿ ಬಂಡೆ ಇಳಿದ. ಗಾಡಿ ಹೋಗುವಷ್ಟು ಜಾಗವನ್ನು ಬಿಟ್ಟು ಕಲ್ಲಿಗೆ ಹೋಗಿ ಗುದ್ದಿದ. ಎದ್ದು ಮಣ್ಣು ಕೊಡವಿಕೊಂಡ. ಸೈಕಲ್ಲನ್ನು ತಲೆಕೆಳಗು ಮಾಡಿ, ಒಡವೆ ಪರೀಕ್ಷಿಸುವ ಹಾಗೆ ಒಂದೊಂದು ಭಾಗವನ್ನೂ ಬೆಳಕಿಗೆ ಹಿಡಿದು ನೋಡಿದ. ಲೋಹದ ದೋಷ ಹುಡುಕುವುದು ಅವನಿಗೆ ಗೊತ್ತಿದ್ದ ಕೆಲಸ. ಗೊತ್ತಿದ್ದ ಕೆಲಸವನ್ನು ಮಾಡಿದ.

"ಗುರುಗಳೇ, ಬ್ರೇಕಿನ ತಂತಿ ಒಂದು ಕೂದಲೆಳೆ ಸಡಿಲ ಇದೆ" ಎಂದ.

ಗುರು ನೋಡಿದ. ಸಡಿಲ ಇತ್ತು. "ತಂತಿ ಇಲ್ಲದ ಬ್ರೇಕು ಬಂದಿದೆ, ಎಣ್ಣೆಯ ಒತ್ತಡದಲ್ಲಿ ಹಿಡಿಯುತ್ತೆ" ಎಂದ. ಅಕ್ಕಸಾಲಿ ಕೊಂಡ.

ಮುಂದಿನ ವಾರ ಅದೇ ಕಲ್ಲಿಗೆ ಗುದ್ದಿದ. ಟಯರಿನ ಹಲ್ಲು ಸವೆದಿದ್ದುದು ಪತ್ತೆಯಾಯಿತು. ಟಯರು ಕೊಂಡ. ಮತ್ತೆ ಗುದ್ದಿದ. ಪೆಡಲು ಜಾರುತ್ತಿತ್ತು. ಪೆಡಲು ಕೊಂಡ. ಪ್ರತಿ ಸಲವೂ ಅವನು ಹುಡುಕಿದ ದೋಷ ನಿಜವಾಗಿಯೇ ಇರುತ್ತಿತ್ತು. ಯಾವ ಸೈಕಲ್ಲಿನಲ್ಲಿ ಇರುವುದಿಲ್ಲ?

ಇಲ್ಲಿ ಮೇಷ್ಟ್ರು ನಿಲ್ಲಿಸಿ ಉಜ್ವಲಾಳನ್ನು ನೋಡಿದರು. "ನಿನ್ನ ಫೋರ್ಕ್ ಹಳೆಯದು ಅಂದೆಯಲ್ಲ. ಹಳೆಯದೇ. ನಾನು ಇಲ್ಲ ಅನ್ನಲಿಲ್ಲ" ಎಂದು ಮುಂದುವರಿಸಿದರು.

ಬಂಡೆಯ ಮೇಲುಗಡೆ ಒಬ್ಬಳು ಕುರಿ ಕಾಯುತ್ತಿದ್ದಳು. ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ. ಬೇರೆ ಕೆಲಸವಿಲ್ಲದ್ದರಿಂದ ದಿನವೂ ಇವರನ್ನು ನೋಡುತ್ತಿದ್ದಳು. ಆರನೆಯ ಸಲವೋ ಏಳನೆಯ ಸಲವೋ ಅವನು ಬಿದ್ದಾಗ ಕೆಳಗಿಳಿದು ಬಂದಳು.

"ಯಣ್ಣ, ಮ್ಯಾಲಿಂದ ಕೆಳೀಕೆ ನೀನು ಆ ಕಲ್ಲು ಬಿಟ್ಟು ಬ್ಯಾರೆ ಏನೂ ನೋಡಾಕಿಲ್ಲ. ಸೈಕಲ್ಲು ಪಾಪ ಏನು ಮಾಡ್ತದೆ? ನೀನು ನೋಡಿದ ಕಡೀಗೆ ಹೋಯ್ತದೆ. ಪಕ್ಕದ ಜಾಗ ನೋಡು. ನನ್ನ ಕುರೀಗೂ ಕಲ್ಲು ಅಂದ್ರೆ ಇಷ್ಟು ಪ್ರೀತಿ ಇಲ್ಲ."

ಅಕ್ಕಸಾಲಿಗೆ ಸಿಟ್ಟು ಬಂತು. "ನನ್ನ ಗುರುಗಳು ಒಂದು ಪೈಸೆ ಮುಟ್ಟದೆ ಕಲಿಸುತ್ತಾರೆ. ಅಂಥವರು ಹೇಳದ್ದನ್ನು ನೀನು ಹೇಳಲು ಬಂದೆಯಾ? ನಿನ್ನ ಕುರಿ ನೋಡಿಕೋ ಹೋಗಮ್ಮ."

"ನಾನೂ ಕಾಸೇನು ಕೇಳಲಿಲ್ಲವಲ್ಲಪ್ಪ" ಎಂದು ಅವಳು ಹೊರಟುಹೋದಳು.

ಅಕ್ಕಸಾಲಿ ಗುರುವಿನ ಮುಖ ನೋಡಿದ. ಅವಳ ಮಾತು ಸರಿಯೇ ಎಂದು ಬಾಯಿಬಿಟ್ಟು ಕೇಳಲಿಲ್ಲ. ಬಿಟ್ಟಿ ಕಲಿಸುವವನನ್ನು ಹಾಗೆಲ್ಲ ಕೇಳುವುದು ಅವನ ಸಂಸ್ಕಾರದಲ್ಲಿ ಇರಲಿಲ್ಲ. ನೋಡಿದ, ಅಷ್ಟೆ.

ಅವಳ ಮಾತು ಸರಿ ಎಂದು ಗುರುವಿಗೆ ಗೊತ್ತಿತ್ತು. ಎರಡನೆಯ ಸಲ ಬಿದ್ದಾಗಲೇ ಗೊತ್ತಿತ್ತು. ಹೌದು ಎನ್ನಲು ಒಂದು ಗಳಿಗೆ ಸಾಕಿತ್ತು. ಅಂಗಡಿಗೆ ಆ ವಾರ ಅಗಲವಾದ ಹ್ಯಾಂಡಲುಗಳು ಬಂದಿದ್ದವು.

"ನಿಮ್ಮ ಹ್ಯಾಂಡಲ್ ಸ್ವಲ್ಪ ಕಿರಿದು" ಎಂದ ಗುರು.

ಅದು ಸುಳ್ಳಲ್ಲ. ಹ್ಯಾಂಡಲ್ ನಿಜಕ್ಕೂ ಕಿರಿದಾಗಿತ್ತು. ಬರೀ ನಿಜ ಹೇಳಿ ಮೋಸ ಮಾಡುವುದು ನಾಲ್ಕಕ್ಷರ ಕಲಿತವರಿಗೆ ಕಷ್ಟದ ಕೆಲಸವಲ್ಲ.

"ಥೂ!" ಎಂದಳು ಉಜ್ವಲಾ. "ಅವನನ್ನು ಗುರು ಅಂತ ಯಾಕೆ ಕರೆಯುತ್ತೀರಿ?"

"ಊರು ಕರೆಯುತ್ತಿತ್ತು" ಎಂದರು ಮೇಷ್ಟ್ರು.

ಅಕ್ಕಸಾಲಿ ಅಗಲವಾದ ಹ್ಯಾಂಡಲ್ ಹಾಕಿಸಿದ. ಸೈಕಲ್ಲಿನಲ್ಲಿ ಇನ್ನು ದೋಷ ಉಳಿದಿಲ್ಲ ಎಂಬ ಧೈರ್ಯ ಬಂತು. ಧೈರ್ಯ ಬಂದದ್ದರಿಂದ ಎಂದಿಗಿಂತ ಜೋರಾಗಿ ಇಳಿದ. ಕಣ್ಣು ಇದ್ದಲ್ಲೇ ಇತ್ತು. ಅದೇ ಕಲ್ಲು. ಬಲಗೈ ಊರಿ ಬಿದ್ದ. ಮಣಿಕಟ್ಟು ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಒಳಗೆ ಲೋಹದ ಪಟ್ಟಿ ಕೂರಿಸಿದರು. ಮೂಳೆ ಕೂಡಿತು. ಊಟ ಮಾಡುವಷ್ಟು, ಅಂಗಿಯ ಗುಂಡಿ ಹಾಕುವಷ್ಟು ಕೈ ಬಂತು. ಚಿಮಟದಲ್ಲಿ ಹರಳು ಹಿಡಿದರೆ ಮಾತ್ರ ಕೈ ನಡುಗುತ್ತಿತ್ತು. ಅಕ್ಕಸಾಲಿಗೆ ಬೇಕಾಗಿದ್ದುದು ಅದೊಂದೇ. ಅವನು ಕುಲುಮೆ ಆರಿಸಿದ. ಈಗ ಬೇರೆಯವರ ಒಡವೆ ಅಂಗಡಿಯಲ್ಲಿ ನಿಂತು, ಬೇರೆಯವರು ಮಾಡಿದ ಮೂಗುತಿಗಳನ್ನು ಗಿರಾಕಿಗಳಿಗೆ ತೋರಿಸುತ್ತಾನೆ. ಹರಳು ಓರೆಯಾಗಿ ಕೂತಿದ್ದರೆ ಅವನಿಗೆ ದೂರದಿಂದಲೇ ಕಾಣುತ್ತದೆ. ಕಂಡರೂ ಸರಿಪಡಿಸಲಾಗುವುದಿಲ್ಲ. ಅದೇ ಒಳ್ಳೆಯದು ಎಂದು ಹೇಳಿ ಮಾರಬೇಕು.

ಗುರುವಿಗೆ ಏನೂ ಆಗಲಿಲ್ಲ. ಮುರಿದ ಸೈಕಲ್ಲಿನಲ್ಲಿ ಬ್ರೇಕು ಚೆನ್ನಾಗಿತ್ತು. ಅಕ್ಕಸಾಲಿ ಅದನ್ನು ಬಿಚ್ಚಿ ಗುರುವಿಗೇ ಕಳಿಸಿದ, ಯಾರಾದರೂ ಬಡ ಶಿಷ್ಯರಿಗೆ ಹಾಕಿಕೊಡಿ ಎಂದು. ಗುರು ಅದನ್ನೂ ಮಾರಿದ.

ಮೊನ್ನೆ ಗುರುಪೂರ್ಣಿಮೆಗೆ ಅಕ್ಕಸಾಲಿ ಗುರುವಿನ ಮನೆಗೆ ಬಂದ. ಹೂವು, ಹಣ್ಣು, ಒಂದು ಬೆಳ್ಳಿಯ ಉಂಗುರ ತಂದಿದ್ದ. ಕಾಲು ಮುಟ್ಟಿ ನಮಸ್ಕರಿಸಿದ. ಅಂಗೈ ನೆಲಕ್ಕೆ ಊರಲು ಬರದೆ ಮುಷ್ಟಿ ಊರಿ ಎದ್ದ. ಅಲ್ಲಿ ಕೂತಿದ್ದ ಹೊಸ ಶಿಷ್ಯರಿಗೆ, "ಇಂಥ ಗುರು ಎಲ್ಲಿ ಸಿಗುತ್ತಾರೆ? ಒಂದು ಪೈಸೆ ಮುಟ್ಟಲಿಲ್ಲ. ಕಲಿಯುವ ಯೋಗ ನನಗಿರಲಿಲ್ಲ" ಎಂದ. ಆಮೇಲೆ ಉಂಗುರ ಕೊಡುತ್ತಾ ದನಿ ತಗ್ಗಿಸಿದ.

"ಇದನ್ನು ನನ್ನ ಕೈಯಲ್ಲೇ ಮಾಡಿ ಕೊಡಬೇಕು ಅಂತಿತ್ತು ಗುರುಗಳೇ. ಆಗಲಿಲ್ಲ. ಅಂಗಡಿಯಲ್ಲಿ ಕೊಂಡು ತಂದೆ. ತಪ್ಪು ತಿಳಿಯಬೇಡಿ."

ಗುರು ತಪ್ಪು ತಿಳಿಯಲಿಲ್ಲ. ಉಂಗುರ ತೆಗೆದುಕೊಂಡ. ಶಿಷ್ಯರು ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಕತೆ ನಿಲ್ಲಿಸಿದರು.

ಉಜ್ವಲಾಳ ಮುಖ ಕೆಂಪಗಾಗಿತ್ತು. "ಚಪ್ಪಾಳೆ ತಟ್ಟಿದರಂತೆ, ಚಪ್ಪಾಳೆ! ಮನುಷ್ಯನ ಕೈಯನ್ನೇ ತಿಂದ. ಹಾಳಾದವನು. ಅವನ ಅಂಗಡಿಗೆ ಕಲ್ಲು ಹೊಡೆಯಬೇಕಿತ್ತು" ಎಂದಳು. ಬ್ಯಾಂಡೇಜಿನ ಕೈಯನ್ನು ಮೇಜಿಗೆ ಗುದ್ದಲು ಎತ್ತಿ, ನೋವಾಗಿ ಇಳಿಸಿದಳು. "ಹೋಗಲಿ, ಆ ಅಕ್ಕಸಾಲಿಗಾದರೂ ಬಾಯಿ ಇರಲಿಲ್ಲವೇ? ಕೈ ಹೋದ ಮೇಲಾದರೂ ಆ ಗುರುವನ್ನು ಒಂದು ಮಾತು ಬೈಯಲಿಲ್ಲವೇ?"

ಮೇಷ್ಟ್ರು ಅಂಗಿಯ ಜೇಬಿನಿಂದ ಬೆಳ್ಳಿಯ ಉಂಗುರವನ್ನು ತೆಗೆದು ಅವಳ ಮುಂದೆ ಮೇಜಿನ ಮೇಲೆ ಇಟ್ಟರು.

"ನಾನು ಫೀಸು ತೆಗೆದುಕೊಂಡಿದ್ದರೆ ಬೈಯುತ್ತಿದ್ದ."