ಮುಚ್ಚಳದ ಮೇಲಿನ ಪ್ರಶ್ನೆ

“ಮಾಸ್ತರೇ, ಒಮ್ಮೆ ಸುಳ್ಳು ಹೇಳಿದ ಯಂತ್ರವನ್ನು ಮತ್ತೆ ನಂಬಬಹುದೇ?” ಎಂದು ದಮಯಂತಿ ಕೇಳಿದಳು.

ಕೇಳಿದಳು ಎನ್ನುವುದು ಹೆಸರಿಗೆ ಮಾತ್ರ. ಉತ್ತರವನ್ನು ಅವಳು ಮನೆಯಿಂದಲೇ ಗಂಟು ಕಟ್ಟಿಕೊಂಡು ಬಂದಿದ್ದಳು. ವಾಮನ ಮಾಸ್ತರರು ಹೂಂ ಎಂದರೆ ಸಾಕಿತ್ತು.

ಅವಳು ಮೀನುಗಾರರ ಸಂಘದಲ್ಲಿ ಕೆಲಸಕ್ಕಿದ್ದಳು. ಕಡಲಿಗಿಳಿಯುವ ದೋಣಿಗಳಿಗೆ ಗಾಳಿಯ ಎಚ್ಚರಿಕೆ ಕೊಡುವ ಕಂಪ್ಯೂಟರನ್ನು ನೋಡಿಕೊಳ್ಳುವುದು ಅವಳ ಕೆಲಸ. ಗಾಳಿಯ ಲೆಕ್ಕವೆಲ್ಲ ಒಂದು ಸ್ಕ್ರಿಪ್ಟಿನಲ್ಲಿತ್ತು. ಸ್ಕ್ರಿಪ್ಟನ್ನು ಕಂಪ್ಯೂಟರು ಸಾಲುಸಾಲಾಗಿ ಓದಿ, ಅರ್ಥ ಮಾಡಿಕೊಂಡು, ಹೇಳಿದ್ದನ್ನು ಮಾಡುತ್ತದೆ. ಅದು ನಿಧಾನ. ಹಾಗಾಗಿ ಅದರ ಜೊತೆಗೆ ಜಿಟ್ ಕಂಪೈಲರ್ ಎಂಬುದೊಂದು ಇರುತ್ತದೆ. ಪದೇ ಪದೇ ಬರುವ ಸಾಲುಗಳನ್ನು ಅದು ಕೆಲಸದ ನಡುವೆಯೇ ಯಂತ್ರದ ಭಾಷೆಗೆ ಇಳಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಓದುವ ಗೋಜಿಲ್ಲದೆ ನೇರವಾಗಿ ಓಡಿಸುತ್ತದೆ. ಈ ವಿದ್ಯೆಯನ್ನು ದಮಯಂತಿಗೆ ಕಲಿಸಿದವರು ವಾಮನ ಮಾಸ್ತರರೇ.

ಹೋದ ವಾರ ಗಾಳಿ ಅಳೆಯುವ ಉಪಕರಣವನ್ನು ಬದಲಾಯಿಸಿದ್ದರು. ಹಳೆಯದು ಪೂರ್ಣಾಂಕ ಕಳಿಸುತ್ತಿತ್ತು. ಹೊಸದು ದಶಾಂಶ ಕಳಿಸಿತು. ಜಿಟ್ ಇಳಿಸಿಟ್ಟಿದ್ದ ತುಂಡು ಅದನ್ನೂ ಪೂರ್ಣಾಂಕವೆಂದೇ ತಿಳಿದು ಲೆಕ್ಕ ಹಾಕಿತು; ಅಂಕಿಯೇ ಬುಡಮೇಲಾಯಿತು. ಬಿರುಗಾಳಿಯ ಬೆಳಗ್ಗೆ ಕಡಲು ಶಾಂತವಾಗಿದೆ ಎಂದಿತು. ಅದನ್ನು ನಂಬಿ ಹೋದ ದೋಣಿಗಳಲ್ಲಿ ಒಂದು ಮಗುಚಿತು. ಆ ದೋಣಿ ದಮಯಂತಿಯ ಚಿಕ್ಕಪ್ಪನದು. ಆತ ಹಲಗೆ ಹಿಡಿದು ಮಧ್ಯಾಹ್ನದವರೆಗೆ ತೇಲಿ ಜೀವ ಉಳಿಸಿಕೊಂಡ. ಎಡಗೈ ಮಾತ್ರ ಈಗಲೂ ಮೇಲೇಳುವುದಿಲ್ಲ.

“ಜಿಟ್ಟನ್ನು ಆಫ್ ಮಾಡಿಬಿಡುತ್ತೇನೆ,” ಎಂದಳು. “ಒಂದು ಸಾಲಿನ ಕೆಲಸ. ಇನ್ನು ಅದರ ಹಂಗೇ ಬೇಡ.”

“ಆಫ್ ಮಾಡಿದರೆ ಎಚ್ಚರಿಕೆ ಸಿದ್ಧವಾಗಲು ಎಷ್ಟು ಹೊತ್ತು ಬೇಕು?”

“ಈಗ ನಾಲ್ಕು ನಿಮಿಷ. ಆಗ ಐವತ್ತು. ತಡವಾದರೆ ಆಗಲಿ ಮಾಸ್ತರೇ, ಸುಳ್ಳಂತೂ ಬೇಡ.”

ಐವತ್ತು ನಿಮಿಷದಲ್ಲಿ ದೋಣಿಗಳು ಅಳಿವೆ ದಾಟಿ ಕಡಲಿಗೆ ಹೋಗಿರುತ್ತವೆ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಹಟಕ್ಕೆ ಬಿದ್ದವರ ಮುಂದೆ ವಾದ ಹೂಡುವುದು ಮಾಸ್ತರರ ಜಾಯಮಾನವಲ್ಲ. ಜಿಟ್‌ನ ಸೆಟ್ಟಿಂಗುಗಳನ್ನೆಲ್ಲ ಅಚ್ಚು ಹಾಕಿಸಿ ಅವಳು ತಂದಿದ್ದ ಹಾಳೆಯನ್ನು ಕೇಳಿ ತೆಗೆದುಕೊಂಡರು. ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ಓದಿದರು. ಮಡಿಸಿ ತೊಡೆಯ ಕೆಳಗಿಟ್ಟುಕೊಂಡರು. ಆಮೇಲೆ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಪಂಡಿತನಿದ್ದ. ಅವನ ಬಳಿ ತಾಳೆಗರಿಯ ಒಂದು ಗ್ರಂಥವಿತ್ತು. ರೋಗಿ ಬಂದರೆ ಗ್ರಂಥ ಬಿಚ್ಚುವನು. ಒಂದು ಸಾಲು ಓದುವನು, ಒಂದು ಬೇರು ತೂಗುವನು. ಇನ್ನೊಂದು ಸಾಲು ಓದುವನು, ಇನ್ನೊಂದು ಬೇರು ಅರೆಯುವನು. ಮದ್ದು ತಪ್ಪುತ್ತಿರಲಿಲ್ಲ. ಆದರೆ ಹೊತ್ತು ಇಳಿದರೂ ಜಗಲಿಯ ಮೇಲಿನ ಜನ ಇಳಿಯುತ್ತಿರಲಿಲ್ಲ.

ಒಂದು ದಿನ ಪಂಡಿತನಿಗೆ ತಾನು ಒಂದೇ ಮದ್ದನ್ನು ದಿನಕ್ಕೆ ಹತ್ತು ಸಲ ಅರೆಯುತ್ತಿದ್ದೇನೆ ಎಂದು ಹೊಳೆಯಿತು. ಹತ್ತು ಸಲ ಬೇಕಾಗುವ ಮದ್ದನ್ನು ಅವನು ಮುಂಚೆಯೇ ಗುಳಿಗೆ ಕಟ್ಟಿ ಗಡಿಗೆಯಲ್ಲಿ ತುಂಬಿಟ್ಟ. ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಗುಳಿಗೆ ಕಟ್ಟಲಿಲ್ಲ. ಅಷ್ಟು ವಿವೇಕ ಅವನಿಗಿತ್ತು. ಇನ್ನೂ ಒಂದು ವಿವೇಕವಿತ್ತು. ಪ್ರತಿ ಗಡಿಗೆಯ ಮುಚ್ಚಳದ ಮೇಲೂ ಸುಣ್ಣದಲ್ಲಿ ಒಂದು ಪ್ರಶ್ನೆ ಬರೆದಿಟ್ಟ. ಜ್ವರದ ಗಡಿಗೆಯ ಮೇಲೆ, ‘ಬಸುರಿಯೇ?’ ಎಂದಿತ್ತು. ಅಲ್ಲ ಎಂದರೆ ಗುಳಿಗೆ. ಹೌದು ಎಂದರೆ ಮುಚ್ಚಳ ಮುಚ್ಚಿ ಮತ್ತೆ ಗ್ರಂಥ ಬಿಚ್ಚುವುದು, ಮತ್ತೆ ಸಾಲುಸಾಲಾಗಿ ಓದುವುದು.

ಊಟದ ಹೊತ್ತಿಗೆ ಜಗಲಿ ಖಾಲಿಯಾಗತೊಡಗಿತು. ಸುತ್ತಲ ಹಳ್ಳಿಗಳಿಂದಲೂ ಜನ ಬಂದರು. ಪಂಡಿತನ ಕೈಗುಣವೇ ಕೈಗುಣ ಎಂದರು.

ವರ್ಷಗಳು ಹೋದವು. ಜ್ವರಕ್ಕೆ ಬರುವವರೆಲ್ಲ ಹೊಲಗದ್ದೆಯ ಗಂಡಾಳುಗಳೇ. ಗಡ್ಡ ಬಿಟ್ಟವನನ್ನು ಬಸುರಿಯೇ ಎಂದು ಕೇಳಿದರೆ ಜಗಲಿಯೆಲ್ಲ ನಗುತ್ತಿತ್ತು. ಪಂಡಿತನಿಗೂ ಬೇಸರ ಬಂತು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಬರುವುದಾದರೆ ಕೇಳುವುದೇಕೆ, ಉಸಿರಿಗೆ ದಂಡ ಎಂದುಕೊಂಡ. ಒಂದು ದಿನ ಬೂದಿ ಹಚ್ಚಿ ಮುಚ್ಚಳಗಳನ್ನೆಲ್ಲ ತಿಕ್ಕಿ ತೊಳೆದ. ಸುಣ್ಣ ಹೋಯಿತು. ಮತ್ತೆ ಬರೆಯಲಿಲ್ಲ. ಜಗಲಿ ಇನ್ನೂ ಒಂದು ಗಳಿಗೆ ಮೊದಲೇ ಖಾಲಿಯಾಯಿತು.

ಇಲ್ಲಿ ದಮಯಂತಿ ನೆಲ ನೋಡಿದಳು. ಹೇಳಬೇಕಾದುದನ್ನೆಲ್ಲ ಅವಳು ಮಾಸ್ತರರಿಗೆ ಹೇಳಿದ್ದಳು, ಒಂದನ್ನು ಬಿಟ್ಟು. ಇಳಿಸಿಟ್ಟ ಪ್ರತಿ ತುಂಡಿನ ಬಾಗಿಲಲ್ಲೂ ಜಿಟ್ ಒಂದು ಕಾವಲು ಇಡುತ್ತದೆ. ಬಂದದ್ದು ಪೂರ್ಣಾಂಕವೇ ಎಂದು ಆ ಕಾವಲು ಕೇಳುತ್ತದೆ. ಅಲ್ಲವಾದರೆ ಕೆಲಸವನ್ನು ಮತ್ತೆ ಸಾಲುಸಾಲಾಗಿ ಓದುವ ದಾರಿಗೆ ತಿರುಗಿಸುತ್ತದೆ. ಕಳೆದ ವರ್ಷ ಎಚ್ಚರಿಕೆಗೆ ಐದು ನಿಮಿಷ ಹಿಡಿಯುತ್ತಿತ್ತು. ಅದನ್ನು ನಾಲ್ಕಕ್ಕೆ ಇಳಿಸಲು ಅವಳು ಕಾವಲುಗಳನ್ನು ತೆಗೆದುಹಾಕಿದ್ದಳು. ಸಂಘದ ಸಭೆಯಲ್ಲಿ ಅವಳಿಗೆ ಚಪ್ಪಾಳೆ ತಟ್ಟಿದ್ದರು. ಮೊದಲು ತಟ್ಟಿದವನು ಚಿಕ್ಕಪ್ಪ.

ಮಾಸ್ತರರು ಅವಳ ಮುಖ ನೋಡಲಿಲ್ಲ. ಕತೆ ಮುಂದುವರಿಸಿದರು.

ಒಂದು ಬೆಳಗ್ಗೆ ಒಬ್ಬ ಹೆಂಗಸು ಬಂದಳು. ಜ್ವರ ಎಂದಳು. ಪಂಡಿತ ತಲೆ ಎತ್ತದೆ ಗುಳಿಗೆ ಕೊಟ್ಟ. ಅವಳಿಗೆ ನಾಲ್ಕು ತಿಂಗಳಾಗಿತ್ತು. ಹೆಂಗಸು ಉಳಿದಳು. ಮಗು ಉಳಿಯಲಿಲ್ಲ.

ಪಂಡಿತ ಅನ್ನ ಬಿಟ್ಟ. ಮೂರನೆಯ ದಿನ ಎದ್ದು ಗಡಿಗೆಗಳನ್ನೆಲ್ಲ ಅಂಗಳಕ್ಕೆ ತಂದು ಒಡೆದ. ಇನ್ನು ಸಾಯುವ ತನಕ ಗುಳಿಗೆ ಕಟ್ಟುವುದಿಲ್ಲ ಎಂದು ಗ್ರಂಥ ಮುಟ್ಟಿ ಆಣೆ ಮಾಡಿದ. ಅವನ ನಿಷ್ಠೆ ಕಂಡು ಊರು ಕೈಮುಗಿಯಿತು. ಊರಿಗೇನು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನನ್ನೂ ಅದು ವೀರ ಎನ್ನುತ್ತದೆ.

ಮತ್ತೆ ಒಂದೊಂದೇ ಸಾಲು, ಒಂದೊಂದೇ ಬೇರು. ಮತ್ತೆ ಜಗಲಿ ತುಂಬಿತು. ಅದೇ ತಿಂಗಳು ಊರಿಗೆ ಜ್ವರ ಹಬ್ಬಿತು. ಒಬ್ಬ ರೈತ ತನ್ನ ತಾಯಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಅವನ ಮುಂದೆ ನಲವತ್ತು ಜನ ಇದ್ದರು. ಸರದಿ ಬಂದಾಗ ಪಂಡಿತ ಕರೆದ. ರೈತ ಏಳಲಿಲ್ಲ. ತಾಯಿಯ ಮುಖದ ಮೇಲೆ ಸೆರಗು ಎಳೆದು ಸುಮ್ಮನೆ ಕುಳಿತಿದ್ದ.

ಆ ಸಾಲಿನಲ್ಲೇ ಮಗು ಕಳೆದುಕೊಂಡ ಹೆಂಗಸೂ ಇದ್ದಳು. ಅವಳು ಎದ್ದು ಬಂದು ಪಂಡಿತನ ಎದುರು ನಿಂತಳು. ಪಂಡಿತ ಗ್ರಂಥದ ಮೇಲೆ ಕೈಯಿಟ್ಟು, “ನಿನ್ನ ಮಗುವನ್ನು ಕೊಂದ ಗುಳಿಗೆ ಇನ್ನು ಈ ಮನೆಯಲ್ಲಿಲ್ಲ ತಾಯಿ,” ಎಂದ.

ಹೆಂಗಸು ಹೇಳಿದಳು: “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ ಪಂಡಿತರೇ. ತಪ್ಪು ಗುಳಿಗೆಯದಲ್ಲ. ನೀವು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ.”

ಪಂಡಿತ ತಾನು ಮಾಡಿದ ಆಣೆಯನ್ನು ಅವತ್ತೇ ಮುರಿದ. ಆಣೆ ಮಾಡುವುದಕ್ಕಿಂತ ಅದು ಕಷ್ಟವಾಯಿತು. ಕೈಮುಗಿದಿದ್ದ ಊರೇ ಈಗ ಆಡಿಕೊಂಡಿತು. ಅವನು ಕುಂಬಾರನ ಮನೆಗೆ ಹೋಗಿ ಹೊಸ ಗಡಿಗೆ ಮಾಡಿಸಿದ. ಮುಚ್ಚಳ ಹಸಿಯಿರುವಾಗಲೇ ಅದರ ಮೇಲೆ ಕಡ್ಡಿಯಿಂದ ಪ್ರಶ್ನೆ ಕೊರೆದ, ಆಮೇಲೆ ಸುಡಿಸಿದ. ಇನ್ನು ತೊಳೆದರೆ ಹೋಗುವಂತಿರಲಿಲ್ಲ. ಹೊಸ ಬೇರು ಬಂದ ದಿನ ಹಳೆಯ ಗುಳಿಗೆಗಳನ್ನೆಲ್ಲ ಗುಂಡಿಗೆ ಸುರಿದು ಹೊಸದಾಗಿ ಕಟ್ಟತೊಡಗಿದ. ಹಸುಗೂಸಿನ ಮದ್ದಿಗೆ ಮಾತ್ರ ಗಡಿಗೆ ಇಡಲೇ ಇಲ್ಲ; ಅದನ್ನು ಎಷ್ಟು ಹೊತ್ತಾದರೂ ಓದಿಯೇ ಅರೆದ. ಗಡ್ಡದವರು ಬಂದಾಗ ಜಗಲಿ ಮತ್ತೆ ನಕ್ಕಿತು. ಪಂಡಿತ ನಗಲಿಲ್ಲ, ಪ್ರಶ್ನೆಯನ್ನು ಬಿಡಲೂ ಇಲ್ಲ. ಹಾಗೆಯೇ ಮೂವತ್ತು ವರ್ಷ ಕೇಳಿದ.

ಮಾಸ್ತರರು ಕತೆ ನಿಲ್ಲಿಸಿದರು.

ದಮಯಂತಿ ತಡೆಯಲಾರದೆ, “ಹಾಗಾದರೆ ಆಫ್ ಮಾಡುವುದು ಬೇಡ. ಕಾವಲುಗಳನ್ನು ಇವತ್ತೇ ಮತ್ತೆ ಹಾಕುತ್ತೇನೆ. ಉಪಕರಣ ಬದಲಾದಾಗಲೆಲ್ಲ ಇಳಿಸಿಟ್ಟ ತುಂಡುಗಳನ್ನು ಅಳಿಸಿ ಹೊಸದಾಗಿ ಇಳಿಸುವಂತೆ ಮಾಡುತ್ತೇನೆ. ಇನ್ನು ಯಾರು ಹೇಳಿದರೂ ಕಾವಲು ತೆಗೆಯುವುದಿಲ್ಲ. ಸರಿ ತಾನೇ?” ಎಂದಳು. ಬರುವಾಗ ಇದ್ದ ಹಟವೇ ಈಗಲೂ ಅವಳ ದನಿಯಲ್ಲಿತ್ತು, ದಿಕ್ಕು ಮಾತ್ರ ಬೇರೆ.

ಮಾಸ್ತರರು ತೊಡೆಯ ಕೆಳಗಿನ ಹಾಳೆಯನ್ನು ತೆಗೆದು ಅವಳ ಕೈಗೆ ಕೊಟ್ಟರು. ಕಾವಲು ತೆಗೆದ ಸಾಲಿನ ಪಕ್ಕದಲ್ಲಿ ಅವಳ ಹೆಸರೂ ತಾರೀಕೂ ಇತ್ತು.

“ಅದೆಲ್ಲ ಸರಿ ತಂಗಿ. ಮುಚ್ಚಳ ತೊಳೆದವಳು ನಾನೇ ಎಂದು ಚಿಕ್ಕಪ್ಪನಿಗೆ ಹೇಳಿಯಾಯಿತೇ?”

ದಮಯಂತಿ ಹಾಳೆ ಹಿಡಿದು ಕುಳಿತಳು. ತನ್ನ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿದಳು.